ತುಟಿಯ ರಕ್ತ ನಿಂತಿತು, ಮಂಡಿಯದು ಏಕೆ ನಿಲ್ಲಲಿಲ್ಲ?

ಕೊಪ್ಪದ ತಾಯಿ | ಭಾನುವಾರ, ರಾತ್ರಿ 9.12

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಇಲ್ಲಿ ಬರೀ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ಮಗನಿಗೆ ಒಂಬತ್ತು ವರ್ಷ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ತೀವ್ರ ಹಿಮೋಫಿಲಿಯಾ ಎ. ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಪ್ರೋಟೀನು ಶೇ 1ಕ್ಕಿಂತ ಕಡಿಮೆ. ಕೊಟ್ಟ ಫ್ಯಾಕ್ಟರನ್ನು ಕೆಲಸಕ್ಕೆ ಬಾರದಂತೆ ಮಾಡುವ ಇನ್‌ಹಿಬಿಟರ್ ಇಲ್ಲ.

ಕಳೆದ ಮಂಗಳವಾರ ಸಂಜೆ ಚಕ್ಕುಲಿ ತಿನ್ನುವಾಗ ಕೆಳತುಟಿಯ ಒಳಭಾಗವನ್ನು ಕಚ್ಚಿಕೊಂಡ. ಅಂಗಿಯ ಎದೆಯೆಲ್ಲ ಕೆಂಪು. ನಾನು ಐಸ್ ತಂದು ಕೊಟ್ಟು, ಔಷಧಿ ಡಬ್ಬಿ ಬುಡಮೇಲು ಮಾಡಿ ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಮಾತ್ರೆ ಹುಡುಕಿ ತೆಗೆಯುವಷ್ಟರಲ್ಲಿ ರಕ್ತ ನಿಂತೇ ಹೋಗಿತ್ತು. ಗಡಿಯಾರ ನೋಡಿದೆ, ಹನ್ನೆರಡು ನಿಮಿಷ. ಗುರುವಾರ ಬೆಳಿಗ್ಗೆ ಅದೇ ಹುಡುಗ ಎಲ್ಲಿಯೂ ಬಿದ್ದಿಲ್ಲ, ಯಾವುದಕ್ಕೂ ತಗುಲಿಲ್ಲ. ಶಾಲೆಯ ಪ್ರಾರ್ಥನೆಗೆ ನಿಂತಿದ್ದಾಗ ಬಲ ಮಂಡಿ ಜುಮ್ಮೆನ್ನುತ್ತಿದೆ ಎಂದನಂತೆ. ಮಧ್ಯಾಹ್ನ ನಾನು ಹೋಗುವ ಹೊತ್ತಿಗೆ ಮಂಡಿಚಿಪ್ಪು ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ಫ್ಯಾಕ್ಟರ್ ಹಾಕಿಸಿದ್ದೇವೆ, ಬಾವು ಇನ್ನೂ ಇದೆ.

ಒಂದೇ ಮೈ, ಒಂದೇ ರಕ್ತ. ಬಾಯಲ್ಲಿ ನಿಂತದ್ದು ಮಂಡಿಯಲ್ಲಿ ಏಕೆ ನಿಲ್ಲಲಿಲ್ಲ? ನಮ್ಮ ಅತ್ತೆಯವರು "ಎಂಜಲಿನಲ್ಲಿ ಮದ್ದಿದೆ, ನಿಮ್ಮ ಡಾಕ್ಟರಿಗೆ ಗೊತ್ತಿಲ್ಲ" ಎನ್ನುತ್ತಾರೆ. ನಾನು ನಕ್ಕೆ. ಆದರೆ ಶುಕ್ರವಾರ ಪರಿಚಿತರೊಬ್ಬರು ವಾಟ್ಸ್ಆ್ಯಪ್‌ನಲ್ಲಿ ಒಂದು ಕ್ಲಿನಿಕ್ಕಿನ ಕರಪತ್ರ ಕಳಿಸಿದರು. "ಜೀವಕೋಶಗಳಿಂದ ಪಡೆದ ಸೂಕ್ಷ್ಮಕಣಗಳು ರಕ್ತ ಹೆಪ್ಪುಗಟ್ಟಿಸುತ್ತವೆ, ಹಿಮೋಫಿಲಿಯಾ ಮಂಡಿಗೆ ಎಕ್ಸೋಸೋಮ್ ಇಂಜೆಕ್ಷನ್" ಎಂದಿದೆ. ಅತ್ತೆ ಹೇಳಿದ್ದೂ ಕರಪತ್ರ ಹೇಳಿದ್ದೂ ಒಂದೇ ಮಾತೋ ಬೇರೆ ಬೇರೆಯೋ? ತಿಳಿದವರು ಹೇಳಿ.

ಹಳೆಯ ಮಂಡಿ | ಭಾನುವಾರ, ರಾತ್ರಿ 9.40

ತಂಗಿ, ನಿನ್ನ ಮಗನ ಬಾಯಿ ಪುಣ್ಯ ಮಾಡಿದೆ. ನನ್ನದು ಹಾಗಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಒಂದು ದವಡೆ ಹಲ್ಲು ಕೀಳಿಸಿಕೊಂಡು ಎಂಟು ದಿನ ಬಟ್ಟಲಿಗೆ ಉಗುಳುತ್ತಾ ಕುಳಿತವನು ನಾನು. ಆಗ ಫ್ಯಾಕ್ಟರ್ ಎಲ್ಲಿತ್ತು? ಅಪ್ಪ ರಕ್ತನಿಧಿಯಿಂದ ದಾನಿಗಳ ರಕ್ತದಿಂದ ತೆಗೆದ ಕ್ರಯೊ ಎಂಬ ದ್ರವದ ಚೀಲಗಳನ್ನು ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ತುಂಬಿಸಿಕೊಂಡು ಬಸ್ಸಿನಲ್ಲಿ ತರುತ್ತಿದ್ದರು. ಹಳದಿ ನೀರಿನಂಥ ಆ ಚೀಲ ಕರಗುವುದನ್ನು ನೋಡುತ್ತಾ ಮಲಗುವುದೇ ನನ್ನ ಬೇಸಿಗೆ ರಜೆ.

ಹಾಗೆಂದು ಗಡ್ಡ ಹೆರೆಯುವಾಗ ಆದ ಗಾಯ ಒಂದು ದಿನವೂ ನನ್ನನ್ನು ಕಾಡಿಲ್ಲ. ಮಂಡಿ ಮಾತ್ರ ಎರಡೂ ಹೋದವು. ಪ್ರಶ್ನೆ ಒಳ್ಳೆಯದು. ಉತ್ತರ ನನಗೂ ಬೇಕು.

ರಕ್ತಪರೀಕ್ಷಕ | ಭಾನುವಾರ, ರಾತ್ರಿ 10.25

ಕೊಪ್ಪದವರೇ, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಮನೆಯ ಫೈಲಿನಲ್ಲಿಯೇ ಇದೆ. ಮಗನ ಮೊದಲ ವರದಿ ತೆಗೆದು ನೋಡಿ. ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ನೋಡುವ ಎರಡು ಪರೀಕ್ಷೆಗಳಿರುತ್ತವೆ. ಪಿಟಿ ಎಂಬುದು ಸರಿಯಾಗಿಯೇ ಇರುತ್ತದೆ, ಹನ್ನೆರಡು ಹದಿಮೂರು ಸೆಕೆಂಡು. ಎಪಿಟಿಟಿ ಮಾತ್ರ ಮೂವತ್ತರ ಆಸುಪಾಸಿನಲ್ಲಿ ಇರಬೇಕಾದದ್ದು ತೊಂಬತ್ತು ದಾಟಿರುತ್ತದೆ. ಒಂದೇ ಸಿರಿಂಜಿನಿಂದ ತೆಗೆದ ಒಂದೇ ರಕ್ತ, ಎರಡು ಕೊಳವೆ.

ನಾನು ಈ ಕೆಲಸ ಕಲಿತಾಗ ಯಂತ್ರ ಇರಲಿಲ್ಲ. 37 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಗಾಜಿನ ಕೊಳವೆ ಹಿಡಿದು, ಬಲಗೈಯಲ್ಲಿ ಸ್ಟಾಪ್‌ವಾಚ್ ಒತ್ತಿ, ಕೊಳವೆಯನ್ನು ಮೆಲ್ಲಗೆ ಓರೆ ಮಾಡುತ್ತಾ ಬೆಳಕಿಗೆ ಹಿಡಿಯಬೇಕಿತ್ತು. ಹಿಮೋಫಿಲಿಯಾ ಹುಡುಗನ ಪ್ಲಾಸ್ಮಾಕ್ಕೆ, ಅಂದರೆ ರಕ್ತಕಣಗಳನ್ನು ತೆಗೆದ ದ್ರವಕ್ಕೆ, ಪಿಟಿ ರೀಏಜೆಂಟ್ ಎಂಬ ಪರೀಕ್ಷಾ ದ್ರಾವಣ ಹಾಕಿದರೆ ಥಟ್ಟನೆ ಗಟ್ಟಿ. ಅದೇ ಪ್ಲಾಸ್ಮಾಕ್ಕೆ ಎಪಿಟಿಟಿ ರೀಏಜೆಂಟ್ ಹಾಕಿದರೆ ಕೈ ನೋಯುವವರೆಗೆ ಓರೆ ಮಾಡುತ್ತಿದ್ದರೂ ನೀರು ನೀರೇ.

ವ್ಯತ್ಯಾಸ ಏನು? ಪಿಟಿ ಕೊಳವೆಗೆ ನಾವು ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನನ್ನು ಧಾರಾಳವಾಗಿ ಸುರಿಯುತ್ತೇವೆ. ಅದು ರಕ್ತದಲ್ಲಿರುವ ಫ್ಯಾಕ್ಟರ್ 7ನ್ನು ಹಿಡಿದುಕೊಂಡು ನೇರವಾಗಿ ಫ್ಯಾಕ್ಟರ್ 10ನ್ನು ಎಬ್ಬಿಸುತ್ತದೆ. ಎಂಟೂ ಬೇಡ, ಒಂಬತ್ತೂ ಬೇಡ. ಎಪಿಟಿಟಿ ಕೊಳವೆಯಲ್ಲಿ ಟಿಶ್ಯೂ ಫ್ಯಾಕ್ಟರ್ ಇಲ್ಲ. ಅಲ್ಲಿ 10ರವರೆಗೆ ಹೋಗಬೇಕಾದರೆ ಎಂಟು ಒಂಬತ್ತರ ಸೇತುವೆಯನ್ನೇ ದಾಟಬೇಕು. ನಿಮ್ಮ ಮಗನ ಸೇತುವೆ ಮುರಿದಿದೆ.

ಮೈಯಲ್ಲಿ ಟಿಶ್ಯೂ ಫ್ಯಾಕ್ಟರ್ ಎಲ್ಲ ಕಡೆ ಒಂದೇ ಸಮ ಇಲ್ಲ. ಚರ್ಮ, ಮಿದುಳು, ಗರ್ಭಕೋಶದಲ್ಲಿ ಹೆಚ್ಚು. ಕೀಲಿನ ಒಳಪೊರೆಯಲ್ಲಿ, ಸ್ನಾಯುವಿನಲ್ಲಿ ತೀರಾ ಕಡಿಮೆ. ಇರುವ ಅಷ್ಟಿಷ್ಟನ್ನೂ ಟಿಎಫ್‌ಪಿಐ ಎಂಬ ಇನ್ನೊಂದು ಪ್ರೋಟೀನು ಬೇಗನೆ ಆರಿಸಿಬಿಡುತ್ತದೆ. ಮಂಡಿ ಎಂದರೆ ಎಪಿಟಿಟಿ ಕೊಳವೆ ಎಂದುಕೊಳ್ಳಿ. ಬಾಯಿ ಪಿಟಿ ಕೊಳವೆಗೆ ಹತ್ತಿರ.

ಹಳೆಯ ಮಂಡಿ | ಭಾನುವಾರ, ರಾತ್ರಿ 10.31

ಐವತ್ತು ವರ್ಷ ಈ ಮೈಯಲ್ಲಿ ಬಾಳಿದೆ. ಪಿಟಿ ಸರಿ ಇದೆ ಎಂದು ಪ್ರತಿ ವರದಿಯಲ್ಲೂ ಬರೆದಿದ್ದರು. ಏಕೆ ಸರಿ ಇದೆ ಎಂದು ಒಬ್ಬರೂ ಹೇಳಿರಲಿಲ್ಲ.

ನಿವೃತ್ತ ಜೀವಶಾಸ್ತ್ರ ಮೇಷ್ಟರು | ಸೋಮವಾರ, ಬೆಳಿಗ್ಗೆ 6.50

ರಕ್ತಪರೀಕ್ಷಕರ ವಿವರಣೆ ಚೆನ್ನಾಗಿದೆ. ಒಂದು ಮಾತು ಸೇರಿಸುತ್ತೇನೆ. ನಮ್ಮ ಭಾಷೆಯಲ್ಲಿ ಹಾಲಿಗೆ ಹಾಕುವುದೂ ಹೆಪ್ಪು, ರಕ್ತ ಗಟ್ಟಿಯಾಗುವುದೂ ಹೆಪ್ಪುಗಟ್ಟುವುದು. ಒಂದು ಚಮಚ ಹೆಪ್ಪು ಒಂದು ಪಾತ್ರೆ ಹಾಲನ್ನು ಮೊಸರು ಮಾಡುವಂತೆ ಕರಪತ್ರದವರು ಹೇಳುವ ಈ ಸೂಕ್ಷ್ಮಕಣಗಳೂ ರಕ್ತದ ಹೆಪ್ಪು ಎನ್ನಬಹುದೇ? ಹಿಮೋಫಿಲಿಯಾವನ್ನು ಕುಸುಮ ರೋಗ ಎಂದು ತರಗತಿಯಲ್ಲಿ ಮೂವತ್ತು ವರ್ಷ ಹೇಳಿಕೊಟ್ಟೆ. ವಿಕ್ಟೋರಿಯಾ ರಾಣಿಯ ವಂಶವೃಕ್ಷ ಬರೆಸಿದ್ದು ಬಿಟ್ಟರೆ ಇಂಥದ್ದನ್ನು ಹೇಳಲಿಲ್ಲ ಎಂದು ಈಗ ಬೇಸರವಾಗುತ್ತಿದೆ.

ರಕ್ತಪರೀಕ್ಷಕ | ಸೋಮವಾರ, ಬೆಳಿಗ್ಗೆ 8.05

ಮೇಷ್ಟರೇ, ಹೋಲಿಕೆ ಅರ್ಧ ಸರಿ. ಹೆಪ್ಪಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಈ ಕಣಗಳು ಬೆಳೆಯುವುದಿಲ್ಲ, ಮರಿ ಹಾಕುವುದಿಲ್ಲ. ಅವುಗಳ ಕೆಲಸ ಜಾಗ ಕೊಡುವುದು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳು ರಕ್ತದಲ್ಲಿ ಒಂದೊಂದು ಒಂದೊಂದು ಕಡೆ ತೇಲುತ್ತಿರುತ್ತವೆ. ಅವು ಒಂದರ ಪಕ್ಕ ಒಂದು ಕುಳಿತರೆ ಮಾತ್ರ ಕೆಲಸ ವೇಗವಾಗಿ ಸಾಗುತ್ತದೆ. ಕುಳಿತುಕೊಳ್ಳಲು ಬೇಕಾದ ಜಗುಲಿ ಫಾಸ್ಫಟೈಡಿಲ್ ಸೆರಿನ್ ಎಂಬ ಕೊಬ್ಬಿನ ಅಣು. ಸುಮ್ಮನಿರುವ ಜೀವಕೋಶ ಅದನ್ನು ಪೊರೆಯ ಒಳಮೈಯಲ್ಲಿ ಬಚ್ಚಿಟ್ಟುಕೊಂಡಿರುತ್ತದೆ. ಕಿರುಬಿಲ್ಲೆ, ಅಂದರೆ ಪ್ಲೇಟ್‌ಲೆಟ್, ಕೆರಳಿದಾಗ ಒಳಗೆ ಕ್ಯಾಲ್ಸಿಯಂ ನುಗ್ಗಿ ಪೊರೆ ತಿರುವುಮುರುವಾಗುತ್ತದೆ, ಆ ಕೊಬ್ಬು ಹೊರಮೈಗೆ ಬರುತ್ತದೆ. ಜೊತೆಗೆ ಪೊರೆ ಅಲ್ಲಲ್ಲಿ ಗುಳ್ಳೆ ಎದ್ದು ಕಳಚಿಕೊಳ್ಳುತ್ತದೆ. ಹಾಗೆ ಕಳಚಿದ ಗುಳ್ಳೆಗಳೇ ಸೂಕ್ಷ್ಮಕಣಗಳು. ಗಾತ್ರ 0.1ರಿಂದ 1 ಮೈಕ್ರಾನ್. ಕೆಂಪು ರಕ್ತಕಣ ಏಳೆಂಟು ಮೈಕ್ರಾನ್ ಇರುತ್ತದೆ ಎಂದರೆ ಅಂದಾಜು ಸಿಗುತ್ತದೆ.

1946ರಲ್ಲಿ ಚಾರ್ಗಾಫ್ ಮತ್ತು ವೆಸ್ಟ್ ಎಂಬುವರು ಪ್ಲಾಸ್ಮಾವನ್ನು ಬಹಳ ವೇಗವಾಗಿ ತಿರುಗಿಸಿ ತಳದ ಮಡ್ಡಿಯನ್ನು ತೆಗೆದಾಗ ಉಳಿದದ್ದು ತಡವಾಗಿ ಹೆಪ್ಪುಗಟ್ಟಿತು. 1967ರಲ್ಲಿ ಪೀಟರ್ ವುಲ್ಫ್ ಆ ಮಡ್ಡಿಯಲ್ಲಿರುವುದನ್ನು "ಕಿರುಬಿಲ್ಲೆಗಳ ಧೂಳು" ಎಂದು ಕರೆದರು. ಧೂಳು ಎಂಬ ಹೆಸರು ನನಗೆ ಇಷ್ಟ. ಮೊದಲು ಎಲ್ಲರೂ ಅದನ್ನು ಕಸ ಎಂದೇ ತಿಳಿದಿದ್ದರು.

ಪೊರೆ ತಿರುವುಮುರುವಾಗದಿದ್ದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ಸ್ಕಾಟ್ ಸಿಂಡ್ರೋಮ್ ಎಂಬ ಅತಿ ಅಪರೂಪದ ಕಾಯಿಲೆಯಲ್ಲಿ ಫ್ಯಾಕ್ಟರುಗಳೆಲ್ಲ ಸರಿ, ಕಿರುಬಿಲ್ಲೆಗಳ ಸಂಖ್ಯೆಯೂ ಸರಿ, ಆದರೂ ರಕ್ತಸ್ರಾವ. ಕಾರಣ, ಜಗುಲಿಯೇ ಇಲ್ಲ.

ಆಮ್‌ಸ್ಟರ್‌ಡ್ಯಾಮ್ ಕನ್ನಡಿಗ | ಸೋಮವಾರ, ಮಧ್ಯಾಹ್ನ 1.15

ಊಟದ ಬಿಡುವಿನಲ್ಲಿ ಇದನ್ನು ಓದಿ ಕುರ್ಚಿಯಿಂದ ಎದ್ದುಬಿಟ್ಟೆ. ನಾನು ಈ ಗುಳ್ಳೆಗಳ ಮೇಲೆಯೇ ಪಿಎಚ್‌ಡಿ ಮಾಡುತ್ತಿದ್ದೇನೆ. ಕೊಪ್ಪದ ಅಕ್ಕ, ನಿಮ್ಮ ಅತ್ತೆಯವರ ಕಾಲಿಗೆ ನನ್ನ ನಮಸ್ಕಾರ ತಿಳಿಸಿ.

ಎಂಜಲಿನಲ್ಲಿ ನಿಜಕ್ಕೂ ಟಿಶ್ಯೂ ಫ್ಯಾಕ್ಟರ್ ಹೊತ್ತ ಗುಳ್ಳೆಗಳಿವೆ. 2011ರಲ್ಲಿ ಆಮ್‌ಸ್ಟರ್‌ಡ್ಯಾಮಿನ ತಂಡವೊಂದು ಆರೋಗ್ಯವಂತರ ಎಂಜಲಿನಲ್ಲಿ ಇವನ್ನು ತೋರಿಸಿತು. ಅದೇ ಜನರ ರಕ್ತದಲ್ಲಿ ಓಡಾಡುವ ಕಣಗಳಿಗೆ ಈ ಶಕ್ತಿ ಇರಲಿಲ್ಲ, ಎಂಜಲಿನವಕ್ಕೆ ಇತ್ತು. ಆಮೇಲೆ 2023ರಲ್ಲಿ ವಿಯೆನ್ನಾದ ತಂಡ ನೇರವಾಗಿ ನಿಮ್ಮ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ಹಿಮೋಫಿಲಿಯಾ ಎ ಇರುವವರ ಎಂಜಲನ್ನು ಅವರದೇ ರಕ್ತಕ್ಕೆ ಸೇರಿಸಿದಾಗ ಹೆಪ್ಪುಗಟ್ಟುವ ಸಮಯ ಕಡಿಮೆಯಾಯಿತು. ಆ ಗುಳ್ಳೆಗಳ ಮೇಲೆ ಬರೀ ಟಿಶ್ಯೂ ಫ್ಯಾಕ್ಟರ್ ಅಲ್ಲ, ಅದನ್ನು ಹಿಡಿದುಕೊಂಡ ಫ್ಯಾಕ್ಟರ್ 7 ಕೂಡ ಸಿದ್ಧವಾಗಿ ಕುಳಿತಿರುತ್ತದೆ. ರಕ್ತಪರೀಕ್ಷಕ ಸರ್ ಹೇಳಿದ ಪಿಟಿ ರೀಏಜೆಂಟನ್ನು ಬಾಯಿ ತಾನೇ ತಯಾರಿಸಿಕೊಂಡು ಕುಳಿತಿದೆ.

ತಾಯಿಯ ಹಾಲಿನಲ್ಲೂ ಇವು ಇವೆ. 2020ರ ಒಂದು ಪ್ರಬಂಧ ಅದನ್ನು ತೋರಿಸಿದೆ. ಹಸುವಿನ ಹಾಲಿನಲ್ಲಿ ಈ ಗುಣ ಇಲ್ಲ, ದಾನಿಗಳ ಹಾಲನ್ನು ಪಾಶ್ಚರೀಕರಿಸಿದರೆ ಕುಗ್ಗುತ್ತದೆ. ಏಕೆ ಇದೆ ಎಂದರೆ ಪ್ರಬಂಧದವರೂ ಊಹೆಯನ್ನಷ್ಟೇ ಹೇಳುತ್ತಾರೆ: ಹಾಲೂಡಿಸುವಾಗ ತೊಟ್ಟು ಒಡೆದರೆ ಬೇಗ ಮುಚ್ಚಲಿ ಎಂದಿರಬಹುದು.

ಹಾಸನದ ಮಕ್ಕಳ ವೈದ್ಯೆ | ಸೋಮವಾರ, ಮಧ್ಯಾಹ್ನ 2.30

ಎಲ್ಲರೂ ಸ್ವಲ್ಪ ನಿಧಾನ. ನಾಳೆ ಯಾರೋ ಒಬ್ಬರು ಮಗುವಿನ ತೆರೆದ ಗಾಯಕ್ಕೆ ಉಗುಳು ಹಚ್ಚಿಕೊಂಡು ನನ್ನ ಬಳಿ ಬರುತ್ತಾರೆ. ದಯವಿಟ್ಟು ಹಚ್ಚಬೇಡಿ. ಬಾಯಲ್ಲಿ ಟಿಶ್ಯೂ ಫ್ಯಾಕ್ಟರ್ ಜೊತೆ ಬೇಕಾದಷ್ಟು ಬ್ಯಾಕ್ಟೀರಿಯಾಗಳೂ ಇರುತ್ತವೆ.

ಎರಡನೆಯದು, ಹನ್ನೆರಡು ನಿಮಿಷದಲ್ಲಿ ನಿಂತದ್ದರ ಪೂರ್ತಿ ಕೀರ್ತಿ ಎಂಜಲಿಗೆ ಸಲ್ಲುವುದಿಲ್ಲ. ಹಿಮೋಫಿಲಿಯಾ ಮಕ್ಕಳ ಕಿರುಬಿಲ್ಲೆಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಸಣ್ಣ ಗಾಯಕ್ಕೆ ಅವು ಮೊದಲ ಬಿರಡೆ ಹಾಕುತ್ತವೆ. ತೊಂದರೆ ಬರುವುದು ಆ ಬಿರಡೆಯನ್ನು ಫೈಬ್ರಿನ್ ಎಂಬ ಎಳೆಗಳ ಬಲೆ ಬಿಗಿಯಬೇಕಾದಾಗ. ಆದ್ದರಿಂದಲೇ ನಿಂತ ರಕ್ತ ಕೆಲವು ಗಂಟೆಗಳ ನಂತರ ಮತ್ತೆ ಶುರುವಾಗುವುದನ್ನು ನಾವು ಎಷ್ಟೋ ಸಲ ನೋಡುತ್ತೇವೆ. ತುಟಿಯ ಒಳಗಿನ ಎಳೆ ಹರಿದ ಎಳೆಯ ಮಗು ರಾತ್ರಿಯಿಡೀ ರಕ್ತ ನುಂಗಿ ಬೆಳಿಗ್ಗೆ ಕಪ್ಪು ವಾಂತಿ ಮಾಡಿಕೊಂಡು ಬರುತ್ತದೆ, ಅದೇ ಮೊದಲ ಸುಳಿವಾಗಿ ಕಾಯಿಲೆ ಪತ್ತೆಯಾಗುತ್ತದೆ.

ಹಳೆಯ ಮಂಡಿಯವರ ಹಲ್ಲಿನ ಕಥೆಗೂ ಕಾರಣ ಇದೆ. ಎಂಜಲು ಒಂದು ಕೈಯಲ್ಲಿ ಹೆಪ್ಪು ಕಟ್ಟಿಸಿ ಇನ್ನೊಂದು ಕೈಯಲ್ಲಿ ಕರಗಿಸುತ್ತದೆ. ಕಟ್ಟಿದ ಫೈಬ್ರಿನನ್ನು ಕರಗಿಸುವ ವಸ್ತುಗಳೂ ಅದರಲ್ಲಿವೆ. ಹಲ್ಲು ಕಿತ್ತ ಗುಂಡಿಯಷ್ಟು ದೊಡ್ಡ ಗಾಯದಲ್ಲಿ ಕರಗಿಸುವ ಕೈ ಗೆದ್ದುಬಿಡುತ್ತದೆ. ಟ್ರಾನೆಕ್ಸಾಮಿಕ್ ಆಮ್ಲ ಆ ಕೈಯನ್ನು ಹಿಡಿದು ನಿಲ್ಲಿಸುತ್ತದೆ, ಅದಕ್ಕೇ ಬಾಯಿಯ ಗಾಯಕ್ಕೆ ಅದು ಅಷ್ಟು ಒಳ್ಳೆಯ ಮದ್ದು. ಕೊಪ್ಪದವರೇ, ಮುಂದಿನ ಸಲ ರಕ್ತ ನಿಂತಿತೆಂದು ಮಾತ್ರೆಯನ್ನು ಡಬ್ಬಿಗೆ ವಾಪಸು ಹಾಕಬೇಡಿ, ನಿಮ್ಮ ವೈದ್ಯರನ್ನು ಕೇಳಿ. ಮೂತ್ರದಲ್ಲಿ ರಕ್ತ ಹೋಗುತ್ತಿದ್ದರೆ ಮಾತ್ರ ಅದು ಬೇಡ.

ಕೊಪ್ಪದ ತಾಯಿ | ಸೋಮವಾರ, ಸಂಜೆ 5.05

ವಾಪಸು ಹಾಕಿದ್ದೆ ಮೇಡಂ. ಬುಧವಾರ ಬೆಳಿಗ್ಗೆ ದಿಂಬಿನ ಮೇಲೆ ರೂಪಾಯಿ ಅಗಲದ ರಕ್ತದ ಕಲೆ ಇತ್ತು. ರಾತ್ರಿ ಒಸರಿದ್ದಿರಬೇಕು. ಅದನ್ನು ಮೊದಲು ಬರೆಯುವುದು ಮರೆತೆ.

ಬೆಳಗಾವಿಯ ಅಪ್ಪ | ಸೋಮವಾರ, ಸಂಜೆ 7.20

ಹಾಗಾದರೆ ಕರಪತ್ರದಲ್ಲಿ ಇರುವುದು ಸುಳ್ಳಲ್ಲ ಎಂದಾಯಿತಲ್ಲ? ನೇರವಾಗಿ ಹೇಳುತ್ತೇನೆ. ಅಂಥದ್ದೇ ಒಂದು ಕಡೆ ನಾನು ಮುಂಗಡ ಕೊಟ್ಟು ಬಂದಿದ್ದೇನೆ. ಮಗನಿಗೆ ಹದಿನಾಲ್ಕು. ಎಡ ಮಂಡಿಯಲ್ಲಿ ತಿಂಗಳಿಗೆ ಎರಡು ಸಲ ರಕ್ತ ತುಂಬುತ್ತದೆ. ಹತ್ತನೆಯ ತರಗತಿ ಹತ್ತಿರ ಬರುತ್ತಿದೆ. ಕಣಗಳು ಹೆಪ್ಪು ಕಟ್ಟಿಸುತ್ತವೆ ಎಂದು ವಿಜ್ಞಾನವೇ ಒಪ್ಪುವುದಾದರೆ, ಟಿಶ್ಯೂ ಫ್ಯಾಕ್ಟರ್ ಇಲ್ಲದ ಮಂಡಿಗೆ ಅವನ್ನು ಹಾಕುವುದರಲ್ಲಿ ತಪ್ಪೇನು? ಎಲ್ಲದಕ್ಕೂ ಬೇಡ ಎನ್ನುವುದು ಸುಲಭ. ಮಗುವಿನ ಮಂಡಿ ಕಾಯುವುದಿಲ್ಲ.

ಹಳೆಯ ಮಂಡಿ | ಸೋಮವಾರ, ಸಂಜೆ 7.33

ಕಾಯುವುದಿಲ್ಲ ಎಂಬುದು ನನ್ನಷ್ಟು ಯಾರಿಗೂ ಗೊತ್ತಿಲ್ಲ ಅಣ್ಣ. ನನ್ನ ಅಪ್ಪ ನನಗಾಗಿ ಭಸ್ಮ, ಲೇಹ್ಯ, ತಾಯಿತ, ಎಲ್ಲಕ್ಕೂ ದುಡ್ಡು ಸುರಿದರು. ಕಡೆಗೆ ಮಂಡಿಗೆ ಪಟ್ಟು ಹಾಕುವವನ ಬಳಿಯೂ ಹೋದೆವು. ಅವನು ಎಳೆದ ಎಳೆತಕ್ಕೆ ಮೂರು ತಿಂಗಳು ಹಾಸಿಗೆ. ನಿಮ್ಮನ್ನು ಬೈಯುತ್ತಿಲ್ಲ.

ಆಮ್‌ಸ್ಟರ್‌ಡ್ಯಾಮ್ ಕನ್ನಡಿಗ | ಸೋಮವಾರ, ರಾತ್ರಿ 8.50

ಬೆಳಗಾವಿಯವರೇ, ನಿಮ್ಮ ಪ್ರಶ್ನೆ ಮೂರ್ಖ ಪ್ರಶ್ನೆಯಲ್ಲ. ಇದನ್ನೇ ಬಹಳ ದೊಡ್ಡ ವಿಜ್ಞಾನಿಗಳೂ ಕೇಳಿದ್ದಾರೆ.

ಬಾಸ್ಟನ್‌ನಲ್ಲಿ ಡೆನಿಸಾ ವಾಗ್ನರ್ ಅವರ ತಂಡ 2003ರಲ್ಲಿ ಹಿಮೋಫಿಲಿಯಾ ಎ ಇರುವ ಇಲಿಗಳ ಮೇಲೆ ಪ್ರಯೋಗ ಮಾಡಿತು. ಪಿ-ಸೆಲೆಕ್ಟಿನ್ ಎಂಬ ಪ್ರೋಟೀನಿನ ಕರಗುವ ರೂಪವನ್ನು ರಕ್ತಕ್ಕೆ ಕೊಟ್ಟರು. ಅದು ಬಿಳಿ ರಕ್ತಕಣಗಳ ಮೇಲಿನ ಪಿಎಸ್‌ಜಿಎಲ್-1 ಎಂಬ ಕೊಂಡಿಗೆ ಅಂಟಿಕೊಂಡಿತು, ಇಲಿಯ ರಕ್ತದಲ್ಲಿ ಟಿಶ್ಯೂ ಫ್ಯಾಕ್ಟರ್ ಹೊತ್ತ ಸೂಕ್ಷ್ಮಕಣಗಳು ಹೆಚ್ಚಾದವು, ಬಾಲದ ತುದಿ ಕತ್ತರಿಸಿದಾಗ ರಕ್ತ ನಿಲ್ಲುವ ಸಮಯ ಸರಿಹೋಯಿತು. ಫ್ಯಾಕ್ಟರ್ 8 ಒಂದು ಹನಿಯೂ ಕೊಡದೆ! ಆ ಪ್ರಬಂಧವನ್ನು ಮೊದಲು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಆದರೆ ಇಷ್ಟು ವರ್ಷಗಳಾದರೂ ಅದು ಔಷಧವಾಗಿ ನಿಮ್ಮ ಊರಿಗೆ ಬಂದಿಲ್ಲ. ತಡೆ ಎಲ್ಲಿದೆ ಎಂದರೆ, ಟಿಶ್ಯೂ ಫ್ಯಾಕ್ಟರ್ ಹೊತ್ತ ಕಣ ಗಾಯದ ಬಾಯಲ್ಲಿ ಇದ್ದರೆ ಮದ್ದು, ರಕ್ತನಾಳದಲ್ಲಿ ಊರೂರು ಸುತ್ತಿದರೆ ಅಪಾಯ. ಕೆಲವು ಕ್ಯಾನ್ಸರುಗಳಲ್ಲಿ, ಮುಖ್ಯವಾಗಿ ಮೇದೋಜೀರಕ ಗ್ರಂಥಿಯದರಲ್ಲಿ, ಗಡ್ಡೆಯೇ ಇಂಥ ಕಣಗಳನ್ನು ರಕ್ತಕ್ಕೆ ಚೆಲ್ಲುತ್ತದೆ. ಅಂಥ ರೋಗಿಗಳ ಕಾಲಿನಲ್ಲಿ, ಶ್ವಾಸಕೋಶದಲ್ಲಿ ಬೇಡದ ಹೆಪ್ಪು ಕಟ್ಟುತ್ತದೆ. ಇಲಿಯ ಬಾಲಕ್ಕೂ ಮನುಷ್ಯನ ಜೀವಮಾನಕ್ಕೂ ನಡುವೆ ಇರುವ ಹಳ್ಳ ಇದೇ.

ಇನ್ನು ಎಕ್ಸೋಸೋಮ್. ಅದು ಬೇರೆಯದೇ ವಸ್ತು. ಪೊರೆಯಿಂದ ಗುಳ್ಳೆಯಾಗಿ ಕಳಚಿದ್ದು ಸೂಕ್ಷ್ಮಕಣ. ಎಕ್ಸೋಸೋಮ್ ಅದಕ್ಕಿಂತ ಚಿಕ್ಕದು, ಜೀವಕೋಶದ ಒಳಗಿನ ಚೀಲದಲ್ಲಿ ತಯಾರಾಗಿ ಹೊರಬರುತ್ತದೆ. ಕರಪತ್ರದವರು ಒಂದರ ಗುಣವನ್ನು ಇನ್ನೊಂದರ ಬಾಟಲಿಗೆ ಅಂಟಿಸಿದ್ದಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಡಿಸೆಂಬರ್‌ನಲ್ಲಿಯೇ ಇಂಥ ಎಕ್ಸೋಸೋಮ್ ಇಂಜೆಕ್ಷನ್‌ಗಳ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತ್ತು, ನೆಬ್ರಾಸ್ಕದಲ್ಲಿ ಕೆಲವರಿಗೆ ತೀವ್ರ ತೊಂದರೆಯಾದ ಮೇಲೆ.

ರಕ್ತಪರೀಕ್ಷಕ | ಸೋಮವಾರ, ರಾತ್ರಿ 9.30

ಇದಕ್ಕೆ ನನ್ನದೊಂದು ಕಸುಬಿನ ಮಾತು. ಈ ಕಣಗಳನ್ನು ಎಣಿಸುವುದೇ ದೊಡ್ಡ ತಲೆನೋವು. ರಕ್ತ ತೆಗೆದ ಕೊಳವೆಯನ್ನು ಆಟೋದಲ್ಲಿ ಅಲುಗಾಡಿಸಿಕೊಂಡು ತಂದರೆ ಕಿರುಬಿಲ್ಲೆಗಳು ದಾರಿಯಲ್ಲಿಯೇ ಹೊಸ ಕಣಗಳನ್ನು ಉದುರಿಸುತ್ತವೆ. ಪ್ಲಾಸ್ಮಾದಲ್ಲಿ ಕಿರುಬಿಲ್ಲೆ ಉಳಿದಿದ್ದು ಅದನ್ನು ಫ್ರೀಜ್ ಮಾಡಿದರೆ ಅವು ಒಡೆದು ಇನ್ನಷ್ಟು. ಹಾಗಾಗಿ ಎರಡು ಸಲ ತಿರುಗಿಸಿ ಕಿರುಬಿಲ್ಲೆಗಳನ್ನು ತೆಗೆದ ಮೇಲೆಯೇ ಮುಂದಿನ ಕೆಲಸ. ಇಷ್ಟಾದರೂ ಕಣ ಎಣಿಸುವ ಸಾಮಾನ್ಯ ಫ್ಲೋ ಸೈಟೋಮೀಟರ್ ಯಂತ್ರದ ಕಣ್ಣಿಗೆ ತೀರಾ ಚಿಕ್ಕ ಕಣಗಳು ಕಾಣುವುದೇ ಇಲ್ಲ.

ದಿನನಿತ್ಯದ ಎಪಿಟಿಟಿಯಲ್ಲೂ ಇವುಗಳ ಪಾತ್ರ ಗೊತ್ತಾಗುವುದಿಲ್ಲ. ಏಕೆಂದರೆ ಆ ರೀಏಜೆಂಟಿನಲ್ಲಿ ನಾವೇ ಕೊಬ್ಬಿನ ಜಗುಲಿಯನ್ನು ಸುರಿದಿರುತ್ತೇವೆ. ಬಾವಿಗೆ ಟ್ಯಾಂಕರ್ ನೀರು ಬಿಟ್ಟು ಒರತೆ ಎಷ್ಟಿದೆ ಎಂದು ನೋಡಿದ ಹಾಗೆ.

ಬೆಳಗಾವಿಯವರೇ, ಆ ಕ್ಲಿನಿಕ್ಕಿನವರನ್ನು ಮೂರೇ ಪ್ರಶ್ನೆ ಕೇಳಿ. ಕಣಗಳು ಯಾವ ಜೀವಕೋಶದವು? ಒಂದು ಬಾಟಲಿಯಲ್ಲಿ ಎಷ್ಟಿವೆ, ಹೇಗೆ ಎಣಿಸಿದಿರಿ? ಮಂಡಿಗೆ ಸೂಜಿ ಚುಚ್ಚುವ ಮೊದಲು ಫ್ಯಾಕ್ಟರ್ 8 ಎಷ್ಟಕ್ಕೆ ಏರಿಸುತ್ತೀರಿ? ಮೂರನೆಯದಕ್ಕೆ ಅವರು ತಡವರಿಸಿದರೆ ಎದ್ದು ಬನ್ನಿ. ತೀವ್ರ ಹಿಮೋಫಿಲಿಯಾ ಹುಡುಗನ ಕೀಲಿಗೆ ಫ್ಯಾಕ್ಟರ್ ಕೊಡದೆ ಸೂಜಿ ಇಳಿಸುವುದು ಎಂದರೆ ರಕ್ತಸ್ರಾವವನ್ನು ಕೈಯಾರೆ ಮಾಡಿಸಿದಂತೆ.

ನಿವೃತ್ತ ಜೀವಶಾಸ್ತ್ರ ಮೇಷ್ಟರು | ಮಂಗಳವಾರ, ಬೆಳಿಗ್ಗೆ 6.40

ಎಂಟರ ಸೇತುವೆಯನ್ನು ಬಿಟ್ಟು ಬೇರೆ ದಾರಿ ಹುಡುಕುವುದು ಹೊಸತೇನಲ್ಲ. 1934ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಎಂಬ ವೈದ್ಯರು ಲಂಡನ್ ಮೃಗಾಲಯದಲ್ಲಿ ಹಾವುಗಳ ಮೇಲ್ವಿಚಾರಕರಾಗಿದ್ದ ಬಾರ್ನೆಟ್ ಅವರ ಜೊತೆ ಸೇರಿ ಹಾವುಗಳ ವಿಷವನ್ನು ಒಂದೊಂದಾಗಿ ಹಿಮೋಫಿಲಿಯಾ ರಕ್ತಕ್ಕೆ ಹಾಕಿ ನೋಡಿದರು. ಗೆದ್ದದ್ದು ಯಾವುದು ಗೊತ್ತೇ? ನಮ್ಮ ಕೊಳಕುಮಂಡಲ. ಹತ್ತು ಸಾವಿರಕ್ಕೆ ಒಂದು ಪಾಲು ತೆಳುವಾಗಿಸಿದ ವಿಷವನ್ನು ಹಲ್ಲು ಕಿತ್ತ ಗುಂಡಿಗೆ ಹಚ್ಚಿ ರಕ್ತ ನಿಲ್ಲಿಸಿದರು. ಆ ವಿಷ ನೇರವಾಗಿ ಫ್ಯಾಕ್ಟರ್ 10ನ್ನೇ ಎಬ್ಬಿಸುತ್ತದೆ.

ಗದ್ದೆಯ ಬದುವಿನಲ್ಲಿ ಅದೇ ಹಾವು ಕಚ್ಚಿದರೆ ವಿಷ ಮೈಯೆಲ್ಲ ಹರಡಿ, ರಕ್ತದಲ್ಲಿರುವ ಹೆಪ್ಪುಗಟ್ಟುವ ವಸ್ತುಗಳೆಲ್ಲ ಖರ್ಚಾಗಿ, ವಸಡಿನಿಂದಲೂ ರಕ್ತ ಸೋರುತ್ತದೆ. ಆಮ್‌ಸ್ಟರ್‌ಡ್ಯಾಮಿನ ಹುಡುಗ ಹೇಳಿದ ಊರೂರು ಸುತ್ತುವ ಮಾತು ನನಗೆ ಅರ್ಥವಾದದ್ದು ಇದರಿಂದ. ಹಲ್ಲಿನ ಗುಂಡಿಯಲ್ಲಿ ಮದ್ದು, ನರದಲ್ಲಿ ಮೃತ್ಯು.

ಹಳೆಯ ಮಂಡಿ | ಮಂಗಳವಾರ, ಬೆಳಿಗ್ಗೆ 7.02

ಅಂದರೆ ನನ್ನ ಆ ಎಂಟು ದಿನಕ್ಕೆ ಮದ್ದು ನಮ್ಮ ಹೊಲದಲ್ಲೇ ಸುರುಳಿ ಸುತ್ತಿ ಮಲಗಿತ್ತು ಅನ್ನಿ.

ಒಂದು ಗಂಭೀರ ಪ್ರಶ್ನೆ. ನನ್ನ ತಂಗಿಯ ಮಗನಿಗೂ ಇದೇ ಕಾಯಿಲೆ, ಮೇಲಾಗಿ ಇನ್‌ಹಿಬಿಟರ್. ಎಂಟು ಎಷ್ಟು ಹಾಕಿದರೂ ಅವನ ಮೈ ತಿಂದುಹಾಕುತ್ತದೆ. ಅವನಿಗೆ ರಕ್ತಸ್ರಾವವಾದಾಗ ಎರಡು ಮೂರು ಗಂಟೆಗೊಮ್ಮೆ ಫ್ಯಾಕ್ಟರ್ 7ಎ, ಅಂದರೆ ಮೊದಲೇ ಎಬ್ಬಿಸಿಟ್ಟ ಫ್ಯಾಕ್ಟರ್ 7, ಕೊಡುತ್ತಾರೆ. ಅದಕ್ಕೂ ಈ ಜಗುಲಿಗೂ ಸಂಬಂಧ ಇದೆಯೇ?

ರಕ್ತಪರೀಕ್ಷಕ | ಮಂಗಳವಾರ, ಬೆಳಿಗ್ಗೆ 8.15

ಇದೆ. ಅಷ್ಟು ದೊಡ್ಡ ಪ್ರಮಾಣದ 7ಎ ಟಿಶ್ಯೂ ಫ್ಯಾಕ್ಟರನ್ನೂ ಕಾಯದೆ, ಕೆರಳಿದ ಕಿರುಬಿಲ್ಲೆಯ ಮೈಮೇಲೆ ಕುಳಿತು ಫ್ಯಾಕ್ಟರ್ 10ನ್ನು ಎಬ್ಬಿಸಬಲ್ಲದು. ಹಾಫ್‌ಮನ್ ಮತ್ತು ಮನ್ರೋ ಇದನ್ನು ತೋರಿಸಿದರು. ಕಿರುಬಿಲ್ಲೆ ಕೆರಳುವುದು ಗಾಯದ ಜಾಗದಲ್ಲಿ, ಆದ್ದರಿಂದ ಔಷಧ ಮೈಯೆಲ್ಲ ಓಡಾಡಿದರೂ ಕೆಲಸ ಹೆಚ್ಚಾಗಿ ಗಾಯದ ಬಳಿಯೇ ನಡೆಯುತ್ತದೆ. 7ಎ ಕೊಟ್ಟ ಸ್ವಲ್ಪ ಹೊತ್ತು ರಕ್ತದಲ್ಲಿ ಸೂಕ್ಷ್ಮಕಣಗಳು ಏರಬಹುದು ಎಂದು ಫ್ರಾನ್ಸಿನವರು 2004ರಲ್ಲಿ ಬರೆದದ್ದೂ ಇದೆ.

ಹಾಸನದ ಮಕ್ಕಳ ವೈದ್ಯೆ | ಮಂಗಳವಾರ, ಮಧ್ಯಾಹ್ನ 1.50

ಇನ್‌ಹಿಬಿಟರ್ ಇರುವ ಹುಡುಗನಿಗೆ ಎಮಿಸಿಜುಮ್ಯಾಬ್ ಎಂಬ ಔಷಧದ ಬಗ್ಗೆ ವೈದ್ಯರನ್ನು ಕೇಳಿದ್ದೀರಾ? ಬೆಳಗಾವಿಯವರೂ ಕೇಳಬೇಕು, ಇನ್‌ಹಿಬಿಟರ್ ಇಲ್ಲದವರಿಗೂ ಅದು ಸಿಗುತ್ತದೆ. ಇದು ಒಂದು ಕೈಯಲ್ಲಿ ಫ್ಯಾಕ್ಟರ್ 9ನ್ನೂ ಇನ್ನೊಂದು ಕೈಯಲ್ಲಿ 10ನ್ನೂ ಹಿಡಿದು ಒಂದೇ ಜಗುಲಿಯ ಮೇಲೆ ಕೂರಿಸುವ ಪ್ರತಿಕಾಯ. ಎಂಟು ಮಾಡುವ ಕೆಲಸ ಅದೇ. ಚರ್ಮದ ಅಡಿಗೆ ಚುಚ್ಚಿದರೆ ಸಾಕು, ನರ ಹುಡುಕುವ ಗೋಳಿಲ್ಲ. ಮೊದಲ ನಾಲ್ಕು ವಾರ ವಾರಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ಅಥವಾ ನಾಲ್ಕು ವಾರಕ್ಕೊಮ್ಮೆ. ಅಮೆರಿಕದಲ್ಲಿ 2017ರಲ್ಲಿ ಇನ್‌ಹಿಬಿಟರ್ ಇರುವವರಿಗೆ, ಮರುವರ್ಷ ಇಲ್ಲದವರಿಗೂ ಒಪ್ಪಿಗೆ ಸಿಕ್ಕಿತು. ಬೆಲೆ ಮಾತ್ರ ಹೆದರಿಸುತ್ತದೆ. ಸರ್ಕಾರಿ ವ್ಯವಸ್ಥೆಯಲ್ಲಿ ಯಾರಿಗೆ, ಎಲ್ಲಿ ಕೊಡುತ್ತಿದ್ದಾರೆ ಎಂದು ನಿಮ್ಮ ಜಿಲ್ಲಾಸ್ಪತ್ರೆಯಲ್ಲಿಯೂ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಲ್ಲಿಯೂ ವಿಚಾರಿಸಿ.

ಇಲ್ಲಿಯೂ ಅತಿಯಾದರೆ ಅಪಾಯವೇ. ಎಮಿಸಿಜುಮ್ಯಾಬ್ ಮೇಲೆ ಇದ್ದ ಕೆಲವರಿಗೆ ರಕ್ತ ಹೆಪ್ಪುಗಟ್ಟಿಸುವ ಎಪಿಸಿಸಿ ಎಂಬ ಇನ್ನೊಂದು ಔಷಧವನ್ನು ಒಂದು ದಿನಕ್ಕಿಂತ ಹೆಚ್ಚು ಕಾಲ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಸಣ್ಣ ರಕ್ತನಾಳಗಳಲ್ಲಿ ಹೆಪ್ಪು ಕಟ್ಟಿತ್ತು. ಎರಡೂ ಅಧಿಕೃತ ಔಷಧಗಳೇ, ಅಳತೆ ಗೊತ್ತಿದ್ದವೇ. ಆದರೂ ಹಾಗಾಯಿತು. ಅಳತೆಯೇ ಇಲ್ಲದ ಬಾಟಲಿಯ ಬಗ್ಗೆ ನಾನು ಬೇರೆ ಹೇಳಬೇಕಾಗಿಲ್ಲ.

ರಕ್ತಪರೀಕ್ಷಕ | ಮಂಗಳವಾರ, ಮಧ್ಯಾಹ್ನ 2.10

ಎಮಿಸಿಜುಮ್ಯಾಬ್ ತೆಗೆದುಕೊಳ್ಳುವವರ ಎಪಿಟಿಟಿ ಸುಳ್ಳೇ ಸರಿಯಾಗಿ ಕಾಣುತ್ತದೆ. ವರದಿ ನೋಡಿ "ವಾಸಿಯಾಯಿತು" ಎಂದುಕೊಳ್ಳಬೇಡಿ. ಪರೀಕ್ಷೆಗೆ ಕೊಡುವಾಗಲೇ ಚೀಟಿಯಲ್ಲಿ ಔಷಧದ ಹೆಸರು ಬರೆಸಿ.

ನಿರ್ವಾಹಕರು | ಮಂಗಳವಾರ, ಸಂಜೆ 4.00

ಯಾರೂ ಇಲ್ಲಿ ಡೋಸ್ ಲೆಕ್ಕ ಹಾಕಿಕೊಡಬೇಡಿ, ಯಾವ ಕ್ಲಿನಿಕ್ಕಿನ ಹೆಸರನ್ನೂ ಬರೆಯಬೇಡಿ. ಉಳಿದಂತೆ ಚರ್ಚೆ ಮುಂದುವರಿಯಲಿ.

ಬೆಳಗಾವಿಯ ಅಪ್ಪ | ಬುಧವಾರ, ರಾತ್ರಿ 8.15

ಹೋಗಿದ್ದೆ. ಮೂರೂ ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಮೊದಲನೆಯದಕ್ಕೆ "ಹೊರದೇಶದ ಸ್ಟೆಮ್ ಸೆಲ್" ಎಂದರು. ಎರಡನೆಯದಕ್ಕೆ ಬಾಟಲಿಯ ಮೇಲಿನ "ಕೋಟ್ಯಂತರ" ಎಂಬ ಪದ ತೋರಿಸಿದರು. ಮೂರನೆಯದಕ್ಕೆ ಸ್ವಾಗತದ ಹುಡುಗಿ ಒಳಗೆ ಹೋಗಿ ಬಂದು "ಫ್ಯಾಕ್ಟರ್ ನೀವೇ ತಂದುಕೊಳ್ಳಬೇಕು ಸರ್" ಎಂದಳು. ಫ್ಯಾಕ್ಟರ್ ನಾನೇ ತರುವುದಾದರೆ ಇವರೇಕೆ ಬೇಕು ಎಂದು ಕೇಳಿದೆ. ಮುಂಗಡದಲ್ಲಿ ಅರ್ಧ ವಾಪಸು ಬಂದಿದೆ. ಉಳಿದರ್ಧಕ್ಕೆ ಮುಂದಿನ ವಾರ ಬನ್ನಿ ಎಂದಿದ್ದಾರೆ. ಸೋಮವಾರ ಮಗನನ್ನು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ.

ಸೋಮವಾರ ಇಲ್ಲಿ ಸ್ವಲ್ಪ ಬಿರುಸಾಗಿ ಬರೆದೆ. ಯಾರೂ ಬೇಸರ ಮಾಡಿಕೊಳ್ಳಬೇಡಿ.

ಹಳೆಯ ಮಂಡಿ | ಬುಧವಾರ, ರಾತ್ರಿ 8.22

ನನ್ನ ಅಪ್ಪನಿಗೆ ಅರ್ಧವೂ ವಾಪಸು ಬಂದಿರಲಿಲ್ಲ. ನೀವು ಗೆದ್ದಿರಿ.

ಕೊಪ್ಪದ ತಾಯಿ | ಗುರುವಾರ, ಸಂಜೆ 6.30

ಎಲ್ಲವನ್ನೂ ಎರಡೆರಡು ಸಲ ಓದಿದೆ. ಅತ್ತೆಗೂ ಓದಿ ಹೇಳಿದೆ. ಎಂಜಲಿನ ಭಾಗ ಬಂದಾಗ ಅವರು ಏನೂ ಹೇಳಲಿಲ್ಲ, ಎಲೆ ಅಡಿಕೆ ತಟ್ಟೆಯನ್ನು ಹತ್ತಿರ ಎಳೆದುಕೊಂಡು ನನ್ನ ಕಡೆ ಒಮ್ಮೆ ನೋಡಿದರು. ಬ್ಯಾಕ್ಟೀರಿಯಾದ ಭಾಗ ಬರುವ ಹೊತ್ತಿಗೆ ಎದ್ದು ಒಳಗೆ ಹೋಗಿದ್ದರು.

ಪಕ್ಕದಲ್ಲಿ ಕುಳಿತಿದ್ದ ಮಗ "ಹಾಗಾದರೆ ಮಂಡಿಯ ಮೇಲೆ ಉಗುಳಿಕೊಂಡರೆ ಆಗುತ್ತದೆಯೇ" ಎಂದು ಕೇಳಿದ. ಆಗುವುದಿಲ್ಲ, ಚರ್ಮ ದಾಟಿ ಒಳಗೆ ಹೋಗುವುದಿಲ್ಲ ಎಂದೆ. "ಮಂಡಿಗೆ ಒಂದು ಬಾಯಿ ಇರಬೇಕಿತ್ತು" ಎಂದ.

ನಿನ್ನೆ ಮತ್ತೆ ಫ್ಯಾಕ್ಟರ್ ಕೊಟ್ಟೆವು. ಈಗ ಬಾಟಲಿಯನ್ನು ಅವನೇ ಕೈಗೆ ತೆಗೆದುಕೊಳ್ಳುತ್ತಾನೆ. ಕುಲುಕದೆ, ನೊರೆ ಏಳದಂತೆ, ಎರಡು ಅಂಗೈಗಳ ನಡುವೆ ಹೊರಳಿಸುತ್ತಾನೆ. ಹೊಲಿಗೆ ಯಂತ್ರದ ಟೇಪು ಹಿಡಿದು ದಿನಾ ಮಂಡಿಯ ಸುತ್ತಳತೆ ತೆಗೆಯುತ್ತಿದ್ದೇನೆ. ಹೋದ ಗುರುವಾರ 31 ಸೆಂಟಿಮೀಟರ್ ಇತ್ತು. ಈ ಸಂಜೆ 28.5. ಎಡ ಮಂಡಿ 28.